ರೆಡಿಕಲ್ಲು

ಇಷ್ಟು ವರ್ಷದಲ್ಲಿ ನಾನು ಬರೆದದ್ದು ಕಡಿಮೆಯೇನಲ್ಲ. ಎಂ.ಎ.ಗೆ ಪ್ರಬಂಧ ಬರೆದಿದ್ದೇನೆ, ಪತ್ರಿಕೆಯ ಓದುಗರ ಅಂಕಣಕ್ಕೆ ಜಗಳದ ಪತ್ರಗಳನ್ನು ಬರೆದಿದ್ದೇನೆ, ನಾನೀಗ ಪಾಠ ಹೇಳುವ ದೇವದುರ್ಗದ ಕಾಲೇಜಿನ ವಾರ್ಷಿಕ ವರದಿಯಂತೂ ಪ್ರತಿ ಸಲ ನನ್ನ ಕೊರಳಿಗೇ ಬೀಳುತ್ತದೆ. ಆದರೆ ರಾಯಚೂರಿನಲ್ಲಿ ನನ್ನ ಜೊತೆ ಬಿ.ಎ. ಓದಿದ ಯಾರನ್ನೇ ಕೇಳಿ ನೋಡಿ, ನನ್ನ ಬರವಣಿಗೆಯಲ್ಲಿ ಅವರಿಗೆ ನೆನಪಿರುವುದು ಒಂದೇ ಪದ. ಅದೂ ತಪ್ಪು ಪದ. ಆ ಪದಕ್ಕೆ ಮೂಲವಾದ ನಮ್ಮ ಮೇಡಂ ಹೋದ ತಿಂಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರ, ದೀಪದ ಚಿತ್ರ ಸಾಲುಗಟ್ಟಿ ಬಂದವು. ನಡುವೆ ಒಬ್ಬಳು ಮಾತ್ರ, “ಲೇ ರೆಡಿಕಲ್ಲು, ನಿಮ್ಮ ಮೇಡಂ ಹೋದ್ರಲ್ಲಬೇ” ಎಂದು ನನ್ನನ್ನೇ ಹಿಡಿದು ಬರೆದಳು. ಅದನ್ನು ಓದಿದ ಮೇಲೆ ನನಗೆ ಅಳು ಬಂತು.

ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರೇ ಎದ್ದು ಬಂದು, “ನನ್ನ ಹೆಸರು ಪರೀಕ್ಷೆಗೆ ಬರ್ತದೇನು?” ಎಂದು ಕೇಳಿಯಾರು. ಅವರು ನಮಗೆ ರಾಜ್ಯಶಾಸ್ತ್ರ ಹೇಳುತ್ತಿದ್ದರು. ಆಳು ಕುಳ್ಳಗೆ, ದನಿ ಮಾತ್ರ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಹರಾಜು ಕೂಗುವವರ ದನಿ. ದಿನಾ ಇಳಕಲ್ ಸೀರೆ, ಕಾಲಿಗೆ ಗಂಡಸರ ಚಪ್ಪಲಿ. ಬೇರೆಯವರು ತುರುಬಿಗೆ ಮಲ್ಲಿಗೆ ಮುಡಿದರೆ ಇವರು ಸೀಮೆಸುಣ್ಣ ಸಿಗಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ಅದನ್ನು ಮರೆತು ಹಾಗೆಯೇ ಮನೆಗೆ ಹೋಗಿಬಿಡುತ್ತಿದ್ದರು. ಪಾಠ ಮಾಡುವಾಗ ನೋಟ್ಸ್ ಹೇಳುವುದೆಂದರೆ ಅವರಿಗೆ ಬೇಜಾರು. ಹತ್ತು ನಿಮಿಷ ಗಡಗಡ ಹೇಳಿ ಬರೆಸಿ, ಪುಸ್ತಕ ಮುಚ್ಚಿ, ಮೇಜಿನ ಅಂಚಿಗೆ ಕೂತು, “ಇನ್ನ ಮ್ಯಾಲೆ ಹೇಳೂದು ಪರೀಕ್ಷೆಗೆ ಬರಂಗಿಲ್ಲ. ಅದಕ್ಕ ಛಲೋತ್ನಂಗ ಕೇಳ್ರಿ” ಎನ್ನುತ್ತಿದ್ದರು. ನಾವು ಪೆನ್ನು ಕೆಳಗಿಡುತ್ತಿದ್ದೆವು.

ನಮ್ಮ ಪಠ್ಯದಲ್ಲಿ ಸ್ತ್ರೀವಾದದ್ದೊಂದು ಅಧ್ಯಾಯವಿತ್ತು. ಉದಾರವಾದಿ, ಸಮಾಜವಾದಿ, ತೀವ್ರವಾದಿ ಎಂದು ಅದರ ಬಗೆಗಳು. ‘ತೀವ್ರವಾದಿ’ ಎನ್ನುವ ಪದ ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. ಹಾಗಂದ ಕೂಡಲೇ ಹುಡುಗಿಯರು ಬಂದೂಕು ಹಿಡಿದವರನ್ನು ನೆನೆಸಿಕೊಳ್ಳುತ್ತಾರೆ ಎಂದು ಅವರ ದೂರು. ಅದಕ್ಕೇ ‘ರ‍್ಯಾಡಿಕಲ್’ ಎಂಬ ಇಂಗ್ಲಿಷಿನ ಪದವನ್ನೇ ಬಳಸುತ್ತಿದ್ದರು. ಅವರ ಬಾಯಲ್ಲಿ ಅದು ನಮ್ಮೂರ ಗಾಳಿ ಕುಡಿದು ‘ರೆಡಿಕಲ್’ ಎಂದು ಬರುತ್ತಿತ್ತು. ನಾನೋ ಮಾನ್ವಿ ತಾಲ್ಲೂಕಿನ ಮಲ್ಲಟದಿಂದ ಆಗಷ್ಟೇ ಬಂದು ಹಾಸ್ಟೆಲ್ಲಿಗೆ ಸೇರಿದವಳು. ಪಾಠದ ದಿನ ಜ್ವರ ಎಂದು ಮಲಗಿದ್ದೆ, ಗೆಳತಿ ಬಾಯಲ್ಲಿ ಹೇಳಿದ್ದನ್ನೇ ಕೇಳಿಸಿಕೊಂಡು ಕಿರುಪರೀಕ್ಷೆಗೆ ಕೂತಿದ್ದೆ. ನನ್ನ ಬುದ್ಧಿಗೆ ತೋಚಿದಂತೆ ಬರೆದೆ: ‘ರೆಡಿಕಲ್ಲು ಸ್ತ್ರೀವಾದ ಎಂದರೆ, ಯಾವಾಗಲೂ ಒಂದು ಕಲ್ಲನ್ನು ರೆಡಿಯಾಗಿ ಇಟ್ಟುಕೊಂಡಿರುವ ಮಹಿಳೆಯರ ವಾದ.’

ಮೇಡಂ ಅದನ್ನು ಹೆಸರು ಹೇಳದೆ ತರಗತಿಯಲ್ಲಿ ಓದಿದರು. ಓದುತ್ತ ಓದುತ್ತ ಅವರಿಗೇ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಎಲ್ಲರೂ ಬೆಂಚು ಬಡಿದು ನಕ್ಕರು. ನಾನೊಬ್ಬಳೇ ನಗಲಿಲ್ಲವಾದ್ದರಿಂದ ಬರೆದವಳು ಯಾರೆಂದು ಎಲ್ಲರಿಗೂ ಗೊತ್ತಾಯಿತು.

“ಏನವ್ವಾ, ಯಾವ ಕಲ್ಲು ರೆಡಿ ಇಟಗೊಂಡಾರ ಅವ್ರು?” ಎಂದರು ಮೇಡಂ.

ನನಗೆ ನಾಚಿಕೆಯ ಜೊತೆ ಸಿಟ್ಟೂ ಬಂದಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. “ಒಲಿ ಕಲ್ಲುರಿ. ನಮ್ಮನ್ಯಾಗ ಅದೊಂದ ಯಾವಾಗಲೂ ರೆಡಿ ಇರ್ತದ.”

ಮತ್ತೆ ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ತುರುಬಿನ ಸೀಮೆಸುಣ್ಣ ತೆಗೆದು ಬೋರ್ಡಿನ ಮೇಲೆ ಮೂರು ಗುಂಡು ಬರೆದು, ಅವುಗಳ ಮೇಲೊಂದು ಗಡಿಗೆ ಬರೆದರು. ಚಿತ್ರ ಎಷ್ಟು ಕೆಟ್ಟದಾಗಿತ್ತೆಂದರೆ ಗಡಿಗೆ ಕೋಳಿಯಂತೆ ಕಾಣುತ್ತಿತ್ತು.

“ಪೆನ್ನು ಕೆಳಗ ಇಡ್ರಿ,” ಎಂದರು. “ಈ ಒಲಿ ಮುಂದ ಒಬ್ಬಾಕಿ ಬರ್ತಾಳ. ‘ನಾನೊಬ್ಬಾಕಿನ ಇಲ್ಲಿ ಯಾಕ ಕುಂದ್ರಲಿ, ನನಗೂ ಸಾಲಿ ಕಲಸ್ರಿ, ಆಫೀಸಿನಾಗ ಕುರ್ಚಿ ಕೊಡ್ರಿ, ಕಾಯ್ದಿ ಇಬ್ಬರಿಗೂ ಒಂದ ಇರಲಿ’ ಅಂತಾಳ. ಈಕಿ ಉದಾರವಾದಿ. ಮನಿ ಇದ್ದಂಗ ಇರಲಿ, ಬಾಗಲಾ ಅಷ್ಟ ತಗೀರಿ ಅನ್ನಾಕಿ. ಇನ್ನೊಬ್ಬಾಕಿ ಬರ್ತಾಳ. ‘ಹೊಲ ಯಾರ್ದು, ಹಿಟ್ಟು ಯಾರ್ದು, ರೊಟ್ಟಿ ಬಡದ ಕೈಗೆ ಕೂಲಿ ಎಲ್ಲಿ ಅದ?’ ಅಂತಾಳ. ಈಕಿ ಸಮಾಜವಾದಿ. ಮೂರನೇದಾಕಿ ನಮ್ಮ ರೆಡಿಕಲ್ಲು. ಆಕಿ ಬಾಗಲಾ ಕೇಳಂಗಿಲ್ಲ, ಬರೇ ಕೂಲಿನೂ ಕೇಳಂಗಿಲ್ಲ. ‘ಈ ಕಲ್ಲು ಇಲ್ಲಿ ಇಟ್ಟಾವ್ರು ಯಾರು? ನಾ ಹುಟ್ಟೂಕಿಂತ ಮೊದಲ ನನಗಂತ ಯಾಕ ರೆಡಿ ಮಾಡಿಟ್ರು?’ ಅಂತ ಕೇಳ್ತಾಳ. ಕಾಯ್ದಿ ಬದ್ಲಾದ್ರೂ ಈ ಕಲ್ಲು ಹಂಗ ಇರ್ತಾವ, ಬಡವ್ರು ಸಾಹುಕಾರ್ರು ಆದ್ರೂ ಹಂಗ ಇರ್ತಾವ. ಒಲಿ ಮುಂದ, ಹಾಸಿಗಿ ಮ್ಯಾಲ, ಬಸ್ ಸ್ಟ್ಯಾಂಡಿನಾಗ, ಎಲ್ಲೇ ಹೋಗ್ರಿ, ಗಂಡಸಿನ ಮಾತ ಮ್ಯಾಲ ಅನ್ನೂ ಕಲ್ಲು. ರೆಡಿಕಲ್ ಅಂದ್ರ ಬೇರು. ಮ್ಯಾಲಿನ ಟೊಂಗಿ ಬಿಡ್ರಿ, ಬೇರು ನೋಡ್ರಿ ಅನ್ನಾಕಿ ಆಕಿ. ಮನ್ಯಾಗಿನ ಮಾತು ಮನ್ಯಾಗ ಇರಲಿ ಅಂತಾರಲ್ಲ, ಅದನ್ನ ಆಕಿ ಒಪ್ಪಂಗಿಲ್ಲ. ಮನ್ಯಾಗ ನಡಿಯೂದೂ ರಾಜಕೀಯನ ಅಂತಾಳ.”

ಮೇಡಂ ಕೈಯಲ್ಲಿದ್ದ ಸೀಮೆಸುಣ್ಣವನ್ನು ನಮ್ಮ ಕಡೆ ತೋರಿಸಿ ಕೇಳಿದರು.

“ಭಾನುವಾರ ಕಾಲೇಜಿಗೆ ಸೂಟಿ. ಬ್ಯಾಂಕಿಗೂ ಸೂಟಿ. ನಿಮ್ಮವ್ವನ ಒಲಿಗೆ ಸೂಟಿ ಯಾವಾಗ ಹೇಳ್ರಿ ನೋಡೂಣು?”

ಮುಂದಿನ ಬೆಂಚಿನವಳು “ಹಬ್ಬಕ್ಕರಿ” ಎಂದಳು. ಎಲ್ಲರೂ ಅವಳನ್ನು ಗೇಲಿ ಮಾಡಿದರು. ಹಬ್ಬದ ದಿನ ಹೋಳಿಗೆ ಮಾಡುವವರು ಯಾರು ಹಾಗಾದರೆ? ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಹೇಳಿದಳು, “ಮನ್ಯಾಗ ಯಾರರೆ ಸತ್ತ ದಿನರಿ. ಅವತ್ತ ಒಲಿ ಹಚ್ಚಂಗಿಲ್ಲ, ಮಂದಿ ಮನಿಂದ ಬುತ್ತಿ ಬರ್ತದ.” ಅದಕ್ಕೂ ನಕ್ಕೆವು. ಮೇಡಂ ಅವಳನ್ನು ಸ್ವಲ್ಪ ಹೊತ್ತು ನೋಡಿ, ಸೀಮೆಸುಣ್ಣ ತುರುಬಿಗೆ ಸಿಗಿಸಿ ಹೊರಟುಹೋದರು. ಅವತ್ತಿನಿಂದ ನನ್ನ ಹೆಸರು ಕಾಲೇಜಿನಲ್ಲಿ ರೆಡಿಕಲ್ಲು ಎಂದೇ ನಿಂತಿತು.

ಆ ಹೆಸರು ಬಂದ ಮೇಲೆ ನನಗೂ ಕೊಂಚ ಧೈರ್ಯ ಹೆಚ್ಚಿತು. ಮುಂದಿನ ವಾರ ಎದ್ದು ನಿಂತು ಕೇಳಿದೆ. “ಮೇಡಂ, ಎಲ್ಲಾ ಹೆಂಗಸರ ಕಲ್ಲೂ ಒಂದ ಏನ್ರಿ? ನಮ್ಮವ್ವ ಗೌಡ್ರ ಹೊಲದಾಗ ಕಸ ತೆಗಿಯಾಕ ಹೋಗ್ತಾಳ. ಗೌಡ್ತಿ ಆಕಿಗೆ ನೀರು ಮ್ಯಾಲಿಂದ ಹೊಯ್ತಾಳ. ಗೌಡ್ತಿನೂ ಒಲಿ ಮುಂದ, ನಮ್ಮವ್ವನೂ ಒಲಿ ಮುಂದ, ಖರೆ. ಆದ್ರ ನಮ್ಮವ್ವ ಆಕಿ ಒಲಿ ಮುಟ್ಟಂಗಿಲ್ಲಲ್ರಿ.”

ನಮ್ಮದು ಊರ ಹೊರಗಿನ ಕೇರಿ. ಮೇಡಂ ರಾಯಚೂರಿನ ಅಕ್ಕಿ ಗಿರಣಿ ಮಾಲೀಕರ ಮಗಳು, ಕೊರಳಲ್ಲಿ ಲಿಂಗ. ಅವರಿಗೆ ಸಿಟ್ಟು ಬರಬಹುದು ಎಂದುಕೊಂಡೆ.

“ಇದಕ್ಕ ನನ್ನ ಹತ್ರ ಉತ್ತರ ಇಲ್ಲ,” ಎಂದರು. “ಕೊಟ್ರೂ ಅದು ಗೌಡ್ತಿ ಉತ್ತರ ಆಗ್ತದ. ದಲಿತ ಹೆಣ್ಣುಮಕ್ಕಳು ಈ ರೆಡಿಕಲ್ಲಿನವ್ರಿಗೆ ಕೇಳಿದ ಪ್ರಶ್ನಿನ ಇದು. ಎಲ್ಲಾ ಹೆಂಗಸರೂ ಅಕ್ಕತಂಗೇರು ಅಂತ ಅವ್ರು ಅಂದ್ರು. ಯಾವ ಅಕ್ಕ, ಯಾವ ತಂಗಿ ಅಂತ ಇವ್ರು ಕೇಳಿದ್ರು. ನಮ್ಮ ಪುಸ್ತಕದಾಗ ಇದಕ್ಕ ಜಾಗಾನ ಇಲ್ಲ. ಪಾಠದ ಕೊನೀಗೆ ಈಕಿ ಪ್ರಶ್ನಿ ಎಲ್ಲಾರೂ ಬರಕೊಳ್ರಿ.”

ಮೇಡಂ ಮದುವೆಯಾಗಿದ್ದಾರೋ ಇಲ್ಲವೋ ಎಂಬುದು ನಮ್ಮ ಹಾಸ್ಟೆಲ್ಲಿನ ಮುಖ್ಯ ಸಂಶೋಧನೆಯಾಗಿತ್ತು. ಕೇಳಿದರೆ “ಅದು ಸಿಲೆಬಸ್ಸಿನಾಗ ಇಲ್ಲ” ಎನ್ನುತ್ತಿದ್ದರು. ಅವರು ಅಣ್ಣನ ಮನೆಯಲ್ಲಿರುತ್ತಾರೆ ಎನ್ನುವುದಷ್ಟು ಗೊತ್ತಿತ್ತು. ಮಧ್ಯಾಹ್ನ ಅವರ ಡಬ್ಬಿ ಅತ್ತಿಗೆಯ ಕೈಯದು. ಅದನ್ನು ಬಿಚ್ಚುವಾಗೆಲ್ಲ, “ನಮ್ಮ ವೈನಿ ನಸುಕಿನಾಗ ಎದ್ದು ಒಲಿ ಹಚ್ತಾಳ, ಅದಕ್ಕ ನಾ ಇಲ್ಲಿ ಸ್ತ್ರೀವಾದ ಹೇಳಾಕತ್ತೀನಿ” ಎಂದು ತಮ್ಮನ್ನೇ ಹಂಗಿಸಿಕೊಳ್ಳುತ್ತಿದ್ದರು. ಇತಿಹಾಸದ ಸರ್ ಒಬ್ಬರಿಗೆ ಮೇಡಂರನ್ನು ಕೆಣಕುವ ಚಟ. ಒಮ್ಮೆ ನಾನು ಹಾಜರಿ ಪುಸ್ತಕ ಇಡಲು ಸ್ಟಾಫ್ ರೂಮಿಗೆ ಹೋದಾಗ ಅವರು, “ಮೇಡಂ, ರ‍್ಯಾಡಿಕಲ್ ಅಂದ್ರ ಗಂಡಸರನ್ನ ಕಂಡ್ರ ಆಗೂದಿಲ್ಲ ಅಂತಲ್ರಿ?” ಎಂದು ಕೇಳುತ್ತಿದ್ದರು. “ನಿಮ್ಮನ್ನ ಕಂಡ್ರ ನನಗೇನೂ ಇಲ್ಲ ಸರ್,” ಎಂದರು ಮೇಡಂ. “ನಿಮ್ಮ ಎಂಜಲ ಡಬ್ಬಿ ಕಂಡ್ರ ಆಗೂದಿಲ್ಲ. ನಳ ಅಲ್ಲೇ ಅದ. ಮನಿತನ ಹೊತ್ತು ಯಾಕ ಒಯ್ತೀರಿ?” ಸರ್ ನಕ್ಕರು. ಆದರೆ ಮರುದಿನದಿಂದ ಡಬ್ಬಿ ತೊಳೆಯುತ್ತಿದ್ದರು, ಅದೂ ಎಲ್ಲರಿಗೂ ಕೇಳುವ ಹಾಗೆ ಸಪ್ಪಳ ಮಾಡಿ.

ಇದೆಲ್ಲ ನಗುವ ಮಾತಾಯಿತು. ನನ್ನ ಬಿ.ಎ. ಕೊನೆಯ ವರ್ಷದಲ್ಲಿ ನಮ್ಮ ಮನೆಗೇ ಈ ಪಾಠ ಬಂದು ಕೂತಿತು.

ನಮ್ಮಕ್ಕ ಹುಲಿಗೆಮ್ಮನನ್ನು ದೇವದುರ್ಗದ ಕಡೆ ಕೊಟ್ಟಿದ್ದರು. ಅವಳು ಕೈ ಮುರಿದುಕೊಂಡು ಮಲ್ಲಟಕ್ಕೆ ಬಂದಳು. ಮೆಟ್ಟಿಲ ಮೇಲಿಂದ ಬಿದ್ದೆ ಎಂದು ಎಲ್ಲರಿಗೂ ಹೇಳಿದಳಂತೆ. ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ. ಮೂರನೆಯ ಸಲ ಅವಳು ಹೀಗೆ ಬಂದದ್ದು. ಸೋಮವಾರ ಹಿರಿಯರು ಕೂತು ಮಾತಾಡಿ ಅವಳನ್ನು ಗಂಡನ ಮನೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಅಪ್ಪ ಫೋನು ಮಾಡಿ, “ನೀ ಕಲ್ತಾಕಿ, ಬಂದು ಆಕಿಗೆ ನಾಕು ಬುದ್ಧಿ ಮಾತು ಹೇಳು” ಎಂದ. ಈ ಸಲ ಹೋದರೆ ಅಕ್ಕ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅದನ್ನು ಅಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಕಾಲೇಜಿನ ನಳದ ಹತ್ತಿರ ನಿಂತು ಅಳುತ್ತಿದ್ದಾಗ ಮೇಡಂ ನೋಡಿದರು. ಕೇಳಿ ತಿಳಿದುಕೊಂಡರು. ಏನಾದರೂ ಉಪದೇಶ ಮಾಡುತ್ತಾರೆಂದು ಕಾದೆ. ಅವರು, “ಸೋಮವಾರ ರಜಾ ಹಾಕ್ತೀನಿ, ನಡಿ” ಎಂದಷ್ಟೇ ಹೇಳಿದರು.

ಮಾನ್ವಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಶೇಂಗಾ ತಿನ್ನುತ್ತ, ಹಾಸ್ಟೆಲ್ಲಿನ ಸಂಶೋಧನೆಗೆ ಅವರೇ ಉತ್ತರ ಕೊಟ್ಟರು. “ನಂದೂ ಲಗ್ನ ಆಗಿತ್ತವ್ವ. ಶಕ್ತಿನಗರದಾಗ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ತಾರಲ್ಲ, ಅಲ್ಲಿ ಇಂಜಿನಿಯರು. ಕ್ವಾಟ್ರಸಿನಾಗ ಇದ್ವಿ. ದಿನಾ ಮುಂಜಾನೆ ಕಿಟಕಿಗೆಲ್ಲಾ ಬೂದಿ ಬಂದು ಕುಂದರ್ತಿತ್ತು. ‘ಇಷ್ಟು ಬೂದಿ ಎಲ್ಲಿಂದ ಬರ್ತದರಿ?’ ಅಂತ ಕೇಳಿದ್ರ, ‘ಒರಸು’ ಅಂತಿದ್ರು. ಏನ್ ಕೇಳಿದ್ರೂ ಒಂದ ಉತ್ತರ, ‘ಒರಸು.’ ಎದ್ದು ಬಂದುಬಿಟ್ಟೆ. ಹೊಡೀಲಿಲ್ಲ, ಬಡೀಲಿಲ್ಲ, ಮತ್ಯಾಕ ಬಂದಿ ಅಂತ ಊರೆಲ್ಲಾ ಕೇಳಿದ್ರು. ಅದಕ್ಕ ಉತ್ತರ ಹುಡುಕ್ಯಾಡ್ಕೋತ ಹೋಗಿ ನನ್ನ ಎಂ.ಎ. ಮುಗೀತು.” ಹೇಳಿ ಮುಗಿಸಿ, ಶೇಂಗಾದ ಸಿಪ್ಪೆಯನ್ನು ಪೊಟ್ಟಣಕ್ಕೆ ಸುರಿದು, “ಇದೂ ಪರೀಕ್ಷೆಗೆ ಬರಂಗಿಲ್ಲ” ಎಂದರು.

ಮಾನ್ವಿಯಲ್ಲಿ ಇಳಿದು ಟಂಟಂ ಆಟೋ ಹಿಡಿದು ನಮ್ಮ ಕೇರಿಗೆ ಹೋದಾಗ ಹಿರಿಯರು ಆಗಲೇ ಕಟ್ಟೆಯ ಮೇಲಿದ್ದರು. ನಮ್ಮಪ್ಪ, ದೊಡ್ಡಪ್ಪ, ಮತ್ತೆ ಅಕ್ಕನ ಗಂಡನ ಕಾಕಾ. ಗಂಡ ಎಂಬ ಮಹಾಪುರುಷ ಬಂದಿರಲಿಲ್ಲ. ಅಕ್ಕ ಕೈಗೆ ಪಟ್ಟಿ ಹಾಕಿಕೊಂಡು ಬಾಗಿಲ ಒಳಗೆ ಕೂತಿದ್ದಳು. ಮೇಡಂರನ್ನು ಕಂಡು ದೊಡ್ಡಪ್ಪನಿಗೆ ಖುಷಿಯಾಯಿತು.

“ಬರ್ರಿ ಮೇಡಂ, ಕುಂದರ್ರಿ. ನೀವು ಕಲ್ತಾವ್ರು. ನೀವ ಹೇಳ್ರಿ ಆಕಿಗೆ. ಗಂಡನ ಮನಿ ಬಿಟ್ಟು ಹೆಣ್ಣಮಗಳು ಎಲ್ಲಿರಬೇಕು?”

“ಇಲ್ಲೇ ಇರಲಿ ಬಿಡ್ರಿ,” ಎಂದರು ಮೇಡಂ.

ಅಪ್ಪ ತಲೆ ಎತ್ತಲಿಲ್ಲ. ಅವನು ಕೆಟ್ಟವನಲ್ಲ. ಹೆದರಿದ್ದ. “ಇಟಗೋಬೇಕಂದ್ರ ಯಾವ ಒಲಿ ಮುಂದ ಕುಂದ್ರಸಲ್ರಿ ಮೇಡಂ? ಈ ಮನಿ ಒಲಿ ಈಗ ಸೊಸಿದು. ನಾಳಿಗೆ ಇಬ್ಬರಿಗೂ ಜಗಳ ಹತ್ತಿದ್ರ ನಾ ಯಾರ ಕಡಿ ಮಾತಾಡ್ಲಿ?” ಎಂದ. ಒಳಗೆ ಅಣ್ಣನ ಹೆಂಡತಿ ಪಾತ್ರೆಯ ಸಪ್ಪಳ ನಿಲ್ಲಿಸಿದಳು.

ಆಗ ಅಕ್ಕ ಬಾಗಿಲಿಗೆ ಬಂದು ನಿಂತಳು. ರಜಕ್ಕೆ ಬಂದಾಗೆಲ್ಲ ನಾನು ನನ್ನ ತಪ್ಪು ಪದದ ಕತೆಯನ್ನು ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಬೋರ್ಡಿನ ಮೇಲಿನ ಮೂರು ಕಲ್ಲು ಅವಳಿಗೂ ಗೊತ್ತಿದ್ದವು.

“ಅಲ್ಲಿನ ಒಲಿ ಅತ್ತೀದು,” ಎಂದಳು. “ಇಲ್ಲಿನ ಒಲಿ ಸೊಸೀದು. ನನಗ ಎರಡೂ ಬ್ಯಾಡಪ್ಪ. ಯಾರೋ ರೆಡಿ ಮಾಡಿಟ್ಟ ಕಲ್ಲು ಬ್ಯಾಡ. ಹಿತ್ತಲದಾಗ ನನಗ ಬ್ಯಾರೆ ಮೂರು ಕಲ್ಲು ಇಡ್ರಿ. ಗಳಿಸಿದ್ರ ಉಣ್ತೀನಿ, ಇಲ್ಲಂದ್ರ ಉಪಾಸ ಇರ್ತೀನಿ.”

ಮೇಡಂ ಮುಖ ನೋಡಿದೆ. ಕಲ್ಲನ್ನೇ ಕಿತ್ತೊಗೆಯಬೇಕು ಎಂದು ಪಾಠ ಮಾಡಿದವರು ಅವರು. ಇವಳು ನನಗೂ ಕಲ್ಲು ಬೇಕು ಎನ್ನುತ್ತಿದ್ದಳು.

“ಗಂಡ ಜೀವಂತ ಇರೂವಾಗ ಬ್ಯಾರೆ ಒಲಿ ಹೂಡಾಕ ಬರ್ತದೇನು?” ಎಂದ ಕಾಕಾ. “ಯಾರು ಹೂಡ್ತಾರ ನೋಡೂಣು?”

ಯಾರೂ ಅಲ್ಲಾಡಲಿಲ್ಲ. ಅವ್ವ ಅಪ್ಪನನ್ನು ನೋಡಿದಳು, ಅಪ್ಪ ದೊಡ್ಡಪ್ಪನನ್ನು ನೋಡಿದ. ಅಕ್ಕನ ಕೈಗೆ ಪಟ್ಟಿ. ನಾನು ಎದ್ದೇ ಬಿಡಬೇಕು ಅನ್ನುವಷ್ಟರಲ್ಲಿ ಮೇಡಂ ಸೆರಗು ಸಿಗಿಸಿಕೊಂಡು, “ಹಿತ್ತಲ ಎಲ್ಲಿ ಅದ?” ಎಂದು ಕೇಳಿದರು.

ಅವರ ಹಿಂದೆ ಹೋದಾಗ ನನಗೆ ಗೊತ್ತಾಯಿತು, ಸ್ತ್ರೀವಾದದ ಬೇರು ಒಲೆಯಲ್ಲಿದೆ ಎಂದು ವರ್ಷವರ್ಷವೂ ಪಾಠ ಮಾಡಿದ ನಮ್ಮ ಮೇಡಂ ಜನ್ಮದಲ್ಲಿ ಒಂದು ಒಲೆ ಹೂಡಿದವರಲ್ಲ. ಮೊದಲು ತವರಿನ ಅಡುಗೆಯವರು, ಆಮೇಲೆ ಕ್ವಾರ್ಟರ್ಸಿನ ಗ್ಯಾಸು, ಆಮೇಲೆ ಅತ್ತಿಗೆ. ಒಂದು ದೊಡ್ಡ ಕಲ್ಲು, ಒಂದು ಸಣ್ಣ ಕಲ್ಲು, ಒಂದು ಇಟ್ಟಿಗೆ ಚೂರು ತಂದು ಇಟ್ಟರು. ಹಂಚು ಇಟ್ಟರೆ ಪೂರ್ವಕ್ಕೆ ಜಾರಿತು. ತಿರುಗಿಸಿ ಇಟ್ಟರೆ ಪಶ್ಚಿಮಕ್ಕೆ ಜಾರಿತು. ಅಕ್ಕ ನಿಂತಲ್ಲಿಂದ, “ಸಣ್ಣದು ತಗೀರಿ ಮೇಡಂ, ಆ ಮೂಲ್ಯಾಗಿಂದು ತರ್ರಿ, ಇನ್ನಟು ಒಳಗ ಸರಸ್ರಿ” ಎಂದು ಹೇಳತೊಡಗಿದಳು. ಮೇಡಂ ಮಣ್ಣಾದ ಕೈಯಿಂದ ಮೂಗು ಒರೆಸಿಕೊಂಡು ಹೇಳಿದ ಹಾಗೆ ಮಾಡುತ್ತಿದ್ದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಷ್ಟು ದಿನಗಳಲ್ಲಿ ಅವ್ವ ನಕ್ಕದ್ದು ಅದೇ ಮೊದಲು.

ಕಟ್ಟಿಗೆ ತರಲು ಹೋದ ಮೇಡಂ ಒಂದು ಹೊರೆ ಹಸಿ ಜಾಲಿಯನ್ನೇ ಹೊತ್ತು ತಂದರು. ಒಣಗಿದ್ದು ಯಾವುದು, ಹಸಿ ಯಾವುದು ಎಂದು ಅವರಿಗೆ ತಿಳಿಯದು. ನಾನು ಬೇಡ ಎನ್ನುವಷ್ಟರಲ್ಲಿ ತುರುಕಿ ಕಡ್ಡಿ ಗೀರಿದರು. ಹೊಗೆ ಎದ್ದಿತು ನೋಡಿ. ಗಾಳಿಯೂ ಮುಂಬಾಗಿಲ ಕಡೆಗೇ ಇತ್ತು. ಕಟ್ಟೆಯ ಮೇಲೆ ಕೂತವರು ಮೊದಲು ಕೆಮ್ಮಿದರು, ಆಮೇಲೆ ಕಣ್ಣೊರೆಸಿಕೊಂಡರು, ಆಮೇಲೆ ಎದ್ದರು. “ಏನ್ ಹೊಗಿ ಹಾಕಾಕತ್ತೀರಿ ಯವ್ವಾ, ನಾವೇನು ಸೊಳ್ಳಿ ಏನು?” ಎಂದು ದೊಡ್ಡಪ್ಪ ಬೈದ. ಕಾಕಾ ತನ್ನ ಚಪ್ಪಲಿ ಹುಡುಕುತ್ತ, “ಮುಂದಿನ ಸೋಮವಾರ ನೋಡೂಣು” ಎಂದು ಕೆಮ್ಮುತ್ತಲೇ ಹೋದ. ಹಿರಿಯರ ಪಂಚಾಯಿತಿ ಹೊಗೆಗೆ ಬರ್ಖಾಸ್ತಾಯಿತು.

ಅವ್ವ ಒಣ ಹತ್ತಿಕಟ್ಟಿಗೆ ತಂದು ಹಾಕಿದಳು. ಅಕ್ಕ ಒಂದೇ ಕೈಯಲ್ಲಿ ರೊಟ್ಟಿ ತಟ್ಟಿದಳು. ರೊಟ್ಟಿ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಅವ್ವ ಅದನ್ನು ಮೇಡಂಗೆ ಕೊಡಲೋ ಬೇಡವೋ ಎಂದು ತಟ್ಟೆ ಹಿಡಿದು ನಿಂತೇ ಇದ್ದಳು. ನಮ್ಮ ಮನೆಯ ತಟ್ಟೆ, ಅವರ ಕೊರಳಲ್ಲಿ ಲಿಂಗ. ಮೇಡಂ ತಾವೇ ತಟ್ಟೆ ಇಸಿದುಕೊಂಡು, ಒಲೆಯ ಮುಂದೆಯೇ ಕೂತು, ಕರಕಲಾದ ಕಡೆಯಿಂದ ಶುರು ಮಾಡಿದರು.

“ನಾಳಿಗೆ ಮಾನ್ವಿಗೆ ಹೋಗಿ ವಕೀಲರನ್ನ ನೋಡಬೇಕು,” ಎಂದರು ತಿನ್ನುತ್ತ.

“ಅದು ಉದಾರವಾದ ಆತಲ್ರಿ ಮೇಡಂ,” ಎಂದೆ.

“ಆಕಿಗೆ ಒಂದು ಕೆಲಸಾನೂ ಹುಡುಕಬೇಕು. ಅದು ಸಮಾಜವಾದ. ಯೂನಿಟ್ ಬ್ಯಾರೆ ಬ್ಯಾರೆ ಇರಬೋದಬೇ, ಪೇಪರ್ ಒಂದ.”

ಮುಂದಿನ ಸೋಮವಾರ ಹಿರಿಯರು ಬಂದರು. ಅಷ್ಟರಲ್ಲಿ ಹಿತ್ತಲ ಒಲೆ ಒಂದು ವಾರ ಉರಿದಿತ್ತು. ದೊಡ್ಡಪ್ಪ ಬಂದವನೇ ಆ ಒಲೆಯ ಚಹಾ ಕೇಳಿ ಕುಡಿದ. ಕುಡಿದ ಮೇಲೆ ಏನೆಂದು ಮಾತಾಡುತ್ತಾನೆ ಪಾಪ. ಅಕ್ಕ ಹೋಗಲಿಲ್ಲ. ಕೈ ಕೂಡಿದ ಮೇಲೆ ಮಾನ್ವಿಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿದಳು. ಈಗ ಅಲ್ಲೇ ಮನೆ ಮಾಡಿಕೊಂಡಿದ್ದಾಳೆ, ಗ್ಯಾಸೂ ಇದೆ. ಆದರೆ ರೊಟ್ಟಿ ಮಾತ್ರ ಹಿತ್ತಲಿನಲ್ಲಿ ಮೂರು ಕಲ್ಲಿನ ಮೇಲೆ. ಆ ಕಲ್ಲುಗಳನ್ನು ಮಲ್ಲಟದಿಂದ ಟಂಟಂನಲ್ಲಿ ಹಾಕಿಕೊಂಡು ಒಯ್ದಿದ್ದಾಳೆ. ಕಲ್ಲಿಗೂ ಸೀಟಿನ ಬಾಡಿಗೆ ಕೇಳಿದ ಎಂದು ಡ್ರೈವರನ ಜೊತೆ ಜಗಳವಾಡಿದ್ದಾಳೆ.

ನಿವೃತ್ತಿಯಾದ ಮೇಲೂ ಮೇಡಂ ಸುಮ್ಮನಿದ್ದವರಲ್ಲ. ಹೋದ ವರ್ಷ ದೇವದುರ್ಗಕ್ಕೆ ನಮ್ಮ ಹುಡುಗಿಯರಿಗೆ ಪಾಠ ಮಾಡಲು ಕರೆದಿದ್ದೆ. ಹೆಂಗಸರಿಗೆ ಪುಕ್ಕಟೆಯಾದ ಬಸ್ಸಿನಲ್ಲಿ ರಾಯಚೂರಿನಿಂದ ನಿಂತುಕೊಂಡೇ ಬಂದಿಳಿದು, “ಉದಾರವಾದಿ ಸ್ತ್ರೀವಾದ ಬಸ್ಸಿನತನ ಬಂತು ನೋಡಬೇ. ಸೀಟಿನತನ ಇನ್ನೂ ಬಂದಿಲ್ಲ” ಎಂದರು. ಸೊಂಟ ಹಿಡಿದುಕೊಂಡು ನಗುತ್ತಿದ್ದರು. ಅವತ್ತು ಅವರು ಪಾಠದ ಕೊನೆಗೆ ಬೋರ್ಡಿನ ಮೇಲೆ ಬರೆದದ್ದು ನಾನು ಹಿಂದೆ ಕೇಳಿದ್ದ ಆ ಪ್ರಶ್ನೆಯನ್ನೇ. ಎಲ್ಲಾ ಹೆಂಗಸರ ಕಲ್ಲೂ ಒಂದೇ ಏನು? “ಇದಕ್ಕ ಇನ್ನೂ ನನಗ ಉತ್ತರ ಸಿಕ್ಕಿಲ್ಲ,” ಎಂದು ನಮ್ಮ ಹುಡುಗಿಯರಿಗೆ ಹೇಳಿದರು. “ಸಿಕ್ರ ನಿಮ್ಮ ಮೇಡಂಗ ಹೇಳ್ರಿ.”

ಅವರು ಹೋದ ಸುದ್ದಿ ತಿಳಿದ ದಿನ ಅಕ್ಕನಿಗೆ ಫೋನು ಮಾಡಿದೆ. “ಅವರ ಮನ್ಯಾಗ ಒಲಿ ಹಚ್ಚಿರಂಗಿಲ್ಲ. ಬುತ್ತಿ ಒಯ್ಯೂಣು” ಎಂದಳು. ಬೇಡ ಎನ್ನಬೇಕೆನಿಸಿತು. ಅದು ಮೇಡಂ ಮನೆ ನಿಜ, ಆದರೆ ಅವರ ಬಂಧುಬಳಗವೆಲ್ಲ ಇರುತ್ತದೆ, ನಮ್ಮ ರೊಟ್ಟಿ ಯಾರು ಮುಟ್ಟುತ್ತಾರೆ? ಅಕ್ಕ ಅವಮಾನಪಟ್ಟು ಬರುವುದು ನನಗೆ ಬೇಕಿರಲಿಲ್ಲ. ಹೇಳಿದರೆ ಅವಳು ಕೇಳುವವಳೂ ಅಲ್ಲ. ಮರುದಿನ ಮಣ್ಣು ಕೊಟ್ಟು ಎಲ್ಲರೂ ಮನೆಗೆ ಬಂದ ಹೊತ್ತಿಗೆ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಗೇಟು ದಾಟಿದಳು. ಬುಟ್ಟಿಯ ತುಂಬ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಾನು ಹಿಂದೆ.

ಪಡಸಾಲೆಯಲ್ಲಿ ಹೆಂಗಸರೇ ತುಂಬಿದ್ದರು. ಬೇರೆ ಮನೆಗಳಿಂದ ಬಂದ ಬುತ್ತಿಯ ಡಬ್ಬಿಗಳು ಒಂದು ಮೂಲೆಯಲ್ಲಿದ್ದವು. ಅಕ್ಕ ಬುಟ್ಟಿ ಇಳಿಸಿದಳು. ಒಬ್ಬರು ಕೇಳಿದರು, “ಎಲ್ಲಿಯವ್ರವ್ವ? ಯಾರ ಪೈಕಿ?”

“ಮಲ್ಲಟ ರೀ. ಕೇರಿಯವ್ರು,” ಎಂದಳು ಅಕ್ಕ. ಅವಳಿಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಇನ್ನೊಬ್ಬರು ಮೆಲ್ಲಗೆ, “ಊಟ ಆಗಲೇ ಭಾಳ ಬಂದದವ್ವ” ಎಂದರು. ಬಟ್ಟೆ ಮುಚ್ಚಿದ ಬುಟ್ಟಿ ಪಡಸಾಲೆಯ ನಡುವೆ ಹಾಗೇ ಇತ್ತು. ಅಕ್ಕನ ಕೈ ಹಿಡಿದು ಎಬ್ಬಿಸಬೇಕು ಎಂದುಕೊಂಡೆ.

ಗೋಡೆಗೆ ಒರಗಿ ಕೂತಿದ್ದ ಮುದುಕಿಯೊಬ್ಬರು ತಲೆ ಎತ್ತಿದರು. ಮೇಡಂ ಅವರ ಅತ್ತಿಗೆ. ಅವರ ಕೈಯ ಡಬ್ಬಿಯನ್ನು ನಾನು ವರ್ಷಗಟ್ಟಲೆ ನೋಡಿದ್ದೆ, ಅವರನ್ನು ನೋಡಿದ್ದು ಅಂದೇ.

“ಮಲ್ಲಟ ಅಂದ್ಯೇನವ್ವ?” ಎಂದರು. “ಹೊಗಿ ಹಾಕಿ ಹಿರೇರನ್ನ ಓಡಿಸಿದಾಕಿ ನೀನೇನು?”

“ಹೊಗಿ ಹಾಕಿದವ್ರು ಮೇಡಂರಿ. ಒಲಿ ನಂದು,” ಎಂದಳು ಅಕ್ಕ.

ಅತ್ತಿಗೆಯ ಮುಖದಲ್ಲಿ ನಗು ಬಂದು, ಅದರ ಹಿಂದೆಯೇ ಅಳುವೂ ಬಂತು. “ಅವತ್ತು ಮಸಿ ಮಾರಿ ಮಾಡ್ಕೊಂಡು ಬಂದಿದ್ಲು. ಸಾಯೂತನ ಅದನ್ನ ಹೇಳಿ ಹೇಳಿ ನಗಸ್ತಿದ್ಲು,” ಎಂದು ಗೋಡೆ ಹಿಡಿದು ಎದ್ದು ಬಂದು ಅಕ್ಕನ ಪಕ್ಕದಲ್ಲಿ ಕೂತರು. ತಾವೇ ಬುಟ್ಟಿಯ ಬಟ್ಟೆ ತೆಗೆದು ಒಂದು ರೊಟ್ಟಿ ಮುರಿದರು. ಯಾರೋ, “ವೈನಿ, ಗಂಡಸರದು ಇನ್ನೂ ಊಟ ಆಗಿಲ್ಲ” ಎಂದರು.

“ಆಗ್ತದ ತಗೋ,” ಎಂದರು ಅವರು. ಪುಂಡಿಪಲ್ಯ ಹಚ್ಚಿ ತಿನ್ನುತ್ತ, ಅಕ್ಕನಿಗಷ್ಟೇ ಹೇಳುವ ಹಾಗೆ ಹೇಳಿದರು: “ಈ ಮನಿಗೆ ಸೊಸಿಯಾಗಿ ಬಂದ ಮ್ಯಾಲ ಇವತ್ತ ನೋಡವ್ವ ನಾ ಎಲ್ಲಾರಕಿಂತ ಮೊದಲ ಉಣ್ಣಾಕತ್ತಿದ್ದು. ಆಕಿ ನನಗ ಸೂಟಿ ಕೊಟ್ಟು ಹೋದ್ಲು.”

ಅಕ್ಕ ಕಣ್ಣೊರೆಸಿಕೊಂಡು ಅವರ ಕೈಗೆ ಇನ್ನೊಂದು ರೊಟ್ಟಿ ಕೊಟ್ಟಳು.